ಹೈ ಪ್ರೆಸ್ ಆಡಿದರೂ ಗೋಲ್ ಬೀಳುತ್ತಿದೆಯಾ? 4-3-3 ತಂಡದ ದೋಷ ಹುಡುಕುವ ಕೈಪಿಡಿ

ಮೊದಲ ಕಾಲು ಗಂಟೆ ನಿಮ್ಮ ಹುಡುಗರು ಎದುರಾಳಿಗೆ ಉಸಿರಾಡಲು ಬಿಡುವುದಿಲ್ಲ. ಅವರ ಗೋಲ್ ಹತ್ತಿರವೇ ಹೋಗಿ ಬಾಲ್ ಕಿತ್ತುಕೊಳ್ಳುತ್ತಾರೆ. ಫುಟ್‌ಬಾಲ್‌ನಲ್ಲಿ ಹೈ ಪ್ರೆಸ್ ಅಂದರೆ ಇದೇ. ಆಮೇಲೆ ಒಂದು ಉದ್ದ ಬಾಲ್ ಬರುತ್ತದೆ. ಸ್ಟಾಪರ್ (ಹಿಂದಿನ ಸಾಲಿನ ನಡು ಡಿಫೆಂಡರ್) ತಲೆ ಮೇಲಿಂದ ಹೋಗುತ್ತದೆ, ಅವರ ಫಾರ್ವರ್ಡ್ ಒಬ್ಬನೇ ಓಡುತ್ತಾನೆ, ಗೋಲ್. ಗೆರೆ ಹೊರಗೆ ನಿಂತವರೆಲ್ಲ "ಏಯ್ ಸ್ಟಾಪರ್, ಎಲ್ಲಿ ನೋಡ್ತಿದ್ದೀಯೋ?" ಅಂತ ಕೂಗುತ್ತಾರೆ. ಮುಂದಿನ ಮ್ಯಾಚಿಗೆ ಸ್ಟಾಪರ್ ಬದಲಾಗುತ್ತಾನೆ. ಗೋಲ್ ಮಾತ್ರ ಅದೇ ಥರ ಬೀಳುತ್ತದೆ.

ತೋಟದ ಸೋಲಾರ್ ಬೇಲಿ ನೋಡಿಕೊಂಡವರಿಗೆ ಈ ಕಥೆ ಗೊತ್ತು. ಆನೆ ದಾಟಿದ ಜಾಗದಲ್ಲಿ ಮೊದಲಿನಿಂದ ಯಾವ ದೋಷವೂ ಇರಲಿಲ್ಲ. ಎಲ್ಲೋ ದೂರದಲ್ಲಿ ಒಂದು ಕೊಂಬೆ ತಂತಿ ಮೇಲೆ ಬಿದ್ದು, ಕರೆಂಟ್ ನೆಲಕ್ಕೆ ಇಳಿದು ಹೋಗುತ್ತಿತ್ತು. ಹೈ ಪ್ರೆಸ್ ಕೂಡ ಹೀಗೇ. ಗೋಲ್ ಬೀಳುವುದು ಹಿಂದೆ, ಆದರೆ ದೋಷ ಹೆಚ್ಚಾಗಿ ಇರುವುದು ಮುಂದೆ. ಗೋಲ್ ಬೀಳುವ ಏಳೆಂಟು ಸೆಕೆಂಡ್ ಮೊದಲು ಏನಾಯಿತು ಅಂತ ನೋಡದೆ ಯಾರನ್ನೂ ಬದಲಿಸಬೇಡಿ.

ಕೊಡಗಿನ ಸುಂಟಿಕೊಪ್ಪ, ಅಮ್ಮತ್ತಿ, ಸಿದ್ದಾಪುರ, ಗೋಣಿಕೊಪ್ಪ, ಎಲ್ಲೇ ಇರಲಿ, 11 ಜನರ ಆಟದಲ್ಲಿ 4-3-3 (ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು) ಹಾಕಿ ಮುನ್ನುಗ್ಗಿ ಆಡಬೇಕು ಅನ್ನುವ ಕೋಚ್‌ಗೂ ಕ್ಯಾಪ್ಟನ್‌ಗೂ ಇದನ್ನು ಬರೆಯುತ್ತಿದ್ದೇನೆ. ಇದು ಒಳ್ಳೆಯ ಆಟ. ಒಂದೆರಡು ಗೋಲ್ ಬಿತ್ತು ಅಂತ ಕೈಬಿಡುವ ಆಟ ಅಲ್ಲ.

ಮೊದಲು ವಿಡಿಯೋ

ಮೈದಾನದಲ್ಲಿ ನಿಂತು ನೋಡಿದರೆ ಕಣ್ಣು ಬಾಲ್ ಹಿಂದೆಯೇ ಓಡುತ್ತದೆ. ಅದಕ್ಕೇ ಫೋನ್‌ನಲ್ಲಿ ರೆಕಾರ್ಡ್ ಮಾಡಿಸಿ. ನಮ್ಮ ಕಡೆ ಮೈದಾನದ ಪಕ್ಕದಲ್ಲಿ ಒಂದು ದಿಣ್ಣೆ ಇದ್ದೇ ಇರುತ್ತದೆ, ಅಲ್ವಾ? ಅಲ್ಲಿ ಒಬ್ಬರನ್ನು ನಿಲ್ಲಿಸಿ. ಬಾಲ್ ಹಿಂದೆ ಝೂಮ್ ಮಾಡುತ್ತಾ ಹೋಗಬೇಡಿ ಅಂತ ಮೊದಲೇ ಹೇಳಿ. ನಮ್ಮ ಕೊನೆಯ ಬ್ಯಾಕ್ ಮತ್ತು ಮೊದಲ ಫಾರ್ವರ್ಡ್ ಇಬ್ಬರೂ ಒಂದೇ ಚಿತ್ರದಲ್ಲಿ ಕಾಣಬೇಕು. ಅದಕ್ಕಿಂತ ಹತ್ತಿರದ ವಿಡಿಯೋ ಈ ಕೆಲಸಕ್ಕೆ ಬರುವುದಿಲ್ಲ.

ಗೋಲ್ ಬಿದ್ದ ಜಾಗದಿಂದ ಹಿಂದಕ್ಕೆ ಎಳೆದು, ಎದುರಾಳಿ ಆ ಉದ್ದ ಬಾಲ್ ಒದ್ದ ಕ್ಷಣದಲ್ಲಿ ನಿಲ್ಲಿಸಿ. ಒದ್ದವನ ಎರಡು ಮೀಟರ್ ಒಳಗೆ ನಮ್ಮವರು ಯಾರಾದರೂ ಇದ್ದರಾ? ಅವನು ತಲೆ ಎತ್ತಿ ನೋಡಿ ಒದ್ದನಾ, ಅಥವಾ ಗಾಬರಿಯಲ್ಲಿ ಒದ್ದನಾ? ಅವನು ಆರಾಮಾಗಿ ನೋಡಿ ಒದ್ದಿದ್ದರೆ ದೋಷ ಮುಂದಿದೆ. ಮೇಲೆ ಬಿದ್ದು ಒತ್ತಡ ಕೊಟ್ಟಿದ್ದರೂ ಅವನ ಬಾಲ್ ದಾಟಿ ಹೋಗಿದ್ದರೆ ಆಗ ಮಾತ್ರ ಹಿಂದಿನ ಲೈನ್, ಅಂದರೆ ಬ್ಯಾಕ್‌ಗಳ ಸಾಲು ನೋಡಿ. ಈ ಒಂದು ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಲಕ್ಷಣ: ಅವರ ನಡು ಆಟಗಾರ ಬಾಲ್ ಹಿಡಿದು ಆರಾಮಾಗಿ ತಿರುಗುತ್ತಾನೆ

ನಾನು ಮೊದಲು ಹುಡುಕುವ ದೋಷ ಇದು. ಮೂವರು ಫಾರ್ವರ್ಡ್‌ಗಳು ಮುಂದೆ ಓಡುತ್ತಾರೆ. ನಡುವಿನ ಮೂವರು ಅರ್ಧ ಮನಸ್ಸಿನಲ್ಲಿ ಬರುತ್ತಾರೆ. ಹಿಂದಿನ ನಾಲ್ವರು ಬರುವುದೇ ಇಲ್ಲ. ಮಧ್ಯದಲ್ಲಿ ದೊಡ್ಡ ಖಾಲಿ ಜಾಗ. ಎದುರಾಳಿ ಒಂದು ಪಾಸ್‌ನಲ್ಲಿ ನಿಮ್ಮ ಮೂವರನ್ನು ದಾಟಿದರೆ ಅಲ್ಲಿಂದ ಅವನಿಗೆ ದಾರಿ ತೆರೆದಿದೆ.

ಅಳೆಯುವುದು ಸುಲಭ. ಪೂರ್ಣ ಅಳತೆಯ ಮೈದಾನ 105 ಮೀಟರ್ ಉದ್ದ. 1980ರ ದಶಕದ ಕೊನೆಯಲ್ಲಿ ಮಿಲಾನ್ ತಂಡಕ್ಕೆ ಕೋಚ್ ಆಗಿದ್ದ ಅರಿಗೊ ಸಾಕಿ, ಕೊನೆಯ ಡಿಫೆಂಡರ್‌ನಿಂದ ಮೊದಲ ಫಾರ್ವರ್ಡ್‌ವರೆಗೆ ಸುಮಾರು 25 ಮೀಟರ್ ಮಾತ್ರ ಇರಬೇಕು ಅಂತ ಪಟ್ಟು ಹಿಡಿದಿದ್ದರು. ಆ ತಂಡ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ನಮ್ಮ ಹುಡುಗರಿಗೆ 25 ಕಷ್ಟ. 35ರ ಒಳಗೆ ಇದ್ದರೆ ಸಾಕು. ವಿಡಿಯೋದಲ್ಲಿ 50 ಮೀಟರ್ ಕಂಡರೆ ನೀವು ಆಡುತ್ತಿರುವುದು ಪ್ರೆಸ್ ಅಲ್ಲ, ಮೂರು ಜನರ ಸುಮ್ನೆ ಓಟ.

ಹಾಗಾದರೆ ಬ್ಯಾಕ್‌ಗಳು ಯಾಕೆ ಮೇಲೆ ಬರುವುದಿಲ್ಲ? ಹೆದರಿಕೆ ಅಂತ ಎಲ್ಲರೂ ಹೇಳುತ್ತಾರೆ. ಕೊಡಗಿನಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನಿಸುತ್ತದೆ. ಇಲ್ಲಿ ಮಕ್ಕಳ ಕೈಗೆ ಮೊದಲು ಬರುವುದು ಹಾಕಿ ಸ್ಟಿಕ್. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಶುರುವಾಯಿತು. ಅದೇ ಹೊತ್ತಿಗೆ, 1998ರ ವೇಳೆಗೆ, ಹಾಕಿಯಿಂದ ಆಫ್‌ಸೈಡ್ ನಿಯಮವನ್ನೇ ತೆಗೆದುಹಾಕಿದರು. ಆಮೇಲೆ ಬೆಳೆದ ಹುಡುಗರಿಗೆ ಹಾಕಿಯಲ್ಲಿ ಆಫ್‌ಸೈಡ್ ಅನ್ನುವುದೇ ಗೊತ್ತಿಲ್ಲ. ಇನ್ನು ಫುಟ್‌ಬಾಲ್ ಅಂದರೆ ಜಾಸ್ತಿ ಆಡುವುದು ಐದೈದು ಜನರ ಫೈವ್ಸ್, ಏಳೇಳು ಜನರ ಸೆವೆನ್ಸ್. ಸಣ್ಣ ಮೈದಾನದ ಆ ಆಟಗಳಲ್ಲೂ ಸಾಮಾನ್ಯವಾಗಿ ಆಫ್‌ಸೈಡ್ ಇರುವುದಿಲ್ಲ. ಹೀಗೆ ಕಲಿತ ಬ್ಯಾಕ್‌ಗೆ ಒಂದೇ ಪಾಠ ಮೈಗೂಡಿರುತ್ತದೆ: ಫಾರ್ವರ್ಡ್‌ನನ್ನು ಬೆನ್ನ ಹಿಂದೆ ಬಿಡಬಾರದು. ಅವನು ಹಿಂದೆ ಹೋದರೆ ಇವನೂ ಹಿಂದೆ ಹೋಗುತ್ತಾನೆ. ಎದುರಾಳಿಯ ಒಬ್ಬ ಫಾರ್ವರ್ಡ್ ಸುಮ್ನೆ ನಿಮ್ಮ ಬಾಕ್ಸ್ (ಗೋಲ್ ಮುಂದಿನ ಪೆನಾಲ್ಟಿ ಚೌಕ) ಹತ್ತಿರ ನಿಂತರೂ ಸಾಕು, ನಿಮ್ಮ ಇಡೀ ಲೈನ್ ಕೆಳಗೆ ಇಳಿಯುತ್ತದೆ.

ಇದನ್ನು ಬೈದು ಸರಿಮಾಡಲು ಆಗುವುದಿಲ್ಲ. ನಿಯಮವನ್ನು ಮೈದಾನದಲ್ಲೇ ನಿಲ್ಲಿಸಿ ತೋರಿಸಿ. ನಮ್ಮ ಅರ್ಧದಲ್ಲಿ, ಪಾಸ್ ಹೊರಡುವ ಕ್ಷಣಕ್ಕೆ ಅವನು ಬಾಲ್‌ಗಿಂತಲೂ ನಮ್ಮ ಕೊನೆಯಿಂದ ಎರಡನೆಯವನಿಗಿಂತಲೂ ಮುಂದಿದ್ದು, ಆ ಬಾಲ್ ಆಡಲು ಬಂದರೆ ಆಫ್‌ಸೈಡ್. ಅವನನ್ನು ಅಲ್ಲೇ ಬಿಟ್ಟು ಮೇಲೆ ಬನ್ನಿ. ಮೂರು ವಿನಾಯಿತಿಗಳನ್ನೂ ಬಾಯಿಪಾಠ ಮಾಡಿಸಿ: ಥ್ರೋ, ಗೋಲ್ ಕಿಕ್, ಕಾರ್ನರ್. ಇವುಗಳಿಂದ ನೇರವಾಗಿ ಬಂದ ಬಾಲ್‌ಗೆ ಆಫ್‌ಸೈಡ್ ಇಲ್ಲ. ಅವರ ಗೋಲಿ ಗೋಲ್ ಕಿಕ್ ಉದ್ದಕ್ಕೆ ಒದೆಯಲು ನಿಂತಾಗ ನಿಮ್ಮ ಲೈನ್ ಸೆಂಟರ್ ಗೆರೆಯಲ್ಲಿ ಇದ್ದರೆ ಅದು ಧೈರ್ಯ ಅಲ್ಲ, ನಿಯಮ ಗೊತ್ತಿಲ್ಲದಿರುವುದು. ಇನ್ನೊಂದು ಮಾತು: ಸೆಂಟರ್ ಗೆರೆ ದಾಟಿ ಲೈನ್ ಹಾಕುವುದರಿಂದ ಲಾಭ ಇಲ್ಲ. ತನ್ನ ಅರ್ಧದಲ್ಲೇ ನಿಂತವನಿಗೆ ಆಫ್‌ಸೈಡ್ ಆಗುವುದಿಲ್ಲ.

ಅಭ್ಯಾಸ ಹೀಗೆ ಮಾಡಿಸಿ. ನಾಲ್ವರು ಬ್ಯಾಕ್‌ಗಳನ್ನು ಸಾಲಾಗಿ ನಿಲ್ಲಿಸಿ. ಎದುರಿಗೆ 30 ಮೀಟರ್ ದೂರದಲ್ಲಿ ಇಬ್ಬರು ಬಾಲ್ ಇಟ್ಟುಕೊಳ್ಳಲಿ. ಬಾಲ್ ಹಿಂದಕ್ಕೆ ಹೋದರೆ, ಅಥವಾ ಹಿಡಿದವನು ನಮಗೆ ಬೆನ್ನು ಕೊಟ್ಟರೆ, ಲೈನ್ ಐದು ಹೆಜ್ಜೆ ಮೇಲೆ. ಅವನು ತಿರುಗಿ, ತಲೆ ಎತ್ತಿ, ಒದೆಯಲು ಕಾಲು ಹಿಂದೆ ಎಳೆದರೆ, ಮತ್ತು ಅವನ ಮೇಲೆ ಯಾರೂ ಇಲ್ಲದಿದ್ದರೆ, ತಕ್ಷಣ ಕೆಳಗೆ ಓಟ. ಅಡ್ಡಡ್ಡ ನಿಂತು, ಒಂದು ಭುಜ ನಮ್ಮ ಗೋಲ್ ಕಡೆ ಇರಲಿ. ನೇರ ನಿಂತವನು ತಿರುಗುವಷ್ಟರಲ್ಲಿ ಫಾರ್ವರ್ಡ್ ದಾಟಿರುತ್ತಾನೆ. "ಮೇಲೆ", "ಕೆಳಗೆ" ಅಂತ ಕೂಗುವುದು ಒಬ್ಬನೇ ಸ್ಟಾಪರ್. ಇಬ್ಬರು ಕೂಗಿದರೆ ಲೈನ್ ಮುರಿಯುತ್ತದೆ.

ಬಾಲ್ ಮೇಲೆ ಒತ್ತಡ ಇಲ್ಲದಿದ್ದರೆ ಲೈನ್ ಕೆಳಗೆ ಬರಲೇಬೇಕು. ಈ ನಿಯಮ ದೊಡ್ಡ ತಂಡಗಳಿಗೂ ತಪ್ಪುವುದಿಲ್ಲ. 2020ರ ಅಕ್ಟೋಬರ್ 4ರಂದು, ಆಗಿನ ಇಂಗ್ಲಿಷ್ ಚಾಂಪಿಯನ್ ಲಿವರ್‌ಪೂಲ್ ತಂಡ ಆಸ್ಟನ್ ವಿಲ್ಲಾ ಕೈಲಿ 7-2ರಿಂದ ಸೋತಿತು. ಲೈನ್ ಎಂದಿನಂತೆ ಮೇಲೇ ಇತ್ತು. ಮುಂದಿನ ಒತ್ತಡ ಮಾತ್ರ ಇರಲಿಲ್ಲ. ವಿಲ್ಲಾದವರು ತಲೆ ಎತ್ತಿ ನೋಡಿ ಬೆನ್ನ ಹಿಂದಕ್ಕೆ ಬಾಲ್ ಕೊಡುತ್ತಲೇ ಹೋದರು. ಆ ಮ್ಯಾಚಿನ ಗೋಲ್‌ಗಳನ್ನು ನಿಮ್ಮ ತಂಡಕ್ಕೆ ತೋರಿಸಿ. ಪ್ರತಿ ಗೋಲ್‌ನಲ್ಲೂ ಒದ್ದವನ ಹತ್ತಿರ ಯಾರಿದ್ದರು ಅಂತ ಕೇಳಿ.

ಲಕ್ಷಣ: ಎಲ್ಲರೂ ಓಡುತ್ತಾರೆ, ಬಾಲ್ ಸಿಗುವುದಿಲ್ಲ

ಇಲ್ಲಿ ದೂರ ಸರಿ ಇದೆ, ಹೊತ್ತು ಸರಿ ಇಲ್ಲ. ಬಾಲ್ ಎಲ್ಲಿದ್ದರೂ, ಯಾರ ಕಾಲಲ್ಲಿದ್ದರೂ ನಿಮ್ಮ ಫಾರ್ವರ್ಡ್ ಓಡುತ್ತಿದ್ದಾನೆ. ಒಳ್ಳೆಯ ಸ್ಟಾಪರ್ ಅವನು ಬರುವುದನ್ನು ನೋಡಿ ಪಕ್ಕಕ್ಕೆ ಒಂದು ಪಾಸ್ ಕೊಡುತ್ತಾನೆ. ಮುಗಿಯಿತು.

ಓಡಲು ಸೂಚನೆ ಬೇಕು. ಗೋಲಿಗೆ ಬ್ಯಾಕ್ ಪಾಸ್ ಹೋಯಿತು: ಓಡಿ. 1992ರಿಂದ ತಂಡದವನು ಕಾಲಿನಿಂದ ಬೇಕೆಂದೇ ಕೊಟ್ಟ ಬಾಲನ್ನು ಗೋಲಿ ಕೈಯಲ್ಲಿ ಹಿಡಿಯುವ ಹಾಗಿಲ್ಲ, ಅವನು ಕಾಲಲ್ಲೇ ಆಡಬೇಕು. ಎಷ್ಟೋ ಗೋಲಿಗಳ ಕಾಲು ಅಷ್ಟಕ್ಕಷ್ಟೇ. ಮೊದಲ ಟಚ್ ದೂರ ಹೋಯಿತು: ಓಡಿ. ಬಾಲ್ ಪುಟಿಯುತ್ತಾ ಬಂತು: ಓಡಿ, ನಮ್ಮ ಮೈದಾನಗಳಲ್ಲಿ ಇದು ಪದೇ ಪದೇ ಸಿಗುತ್ತದೆ. ಸೈಡ್ ಗೆರೆ ಹತ್ತಿರ ಅವರ ಸೈಡ್ ಬ್ಯಾಕ್‌ಗೆ ಪಾಸ್ ಹೋಯಿತು: ಎಲ್ಲರೂ ಒಟ್ಟಿಗೆ ಓಡಿ. ಅಲ್ಲಿ ಗೆರೆಯೇ ನಿಮಗೆ ಹನ್ನೆರಡನೆಯ ಆಟಗಾರ. ಈ ಯಾವುದೂ ಇಲ್ಲದಿದ್ದರೆ ಓಡಬೇಡಿ, ದಾರಿ ಮುಚ್ಚಿ ನಿಲ್ಲಿ.

ಓಡುವ ದಾರಿಯೂ ಮುಖ್ಯ. ಸೆಂಟರ್ ಫಾರ್ವರ್ಡ್ ನೇರ ಓಡಿದರೆ ಸ್ಟಾಪರ್‌ಗೆ ಎರಡೂ ಕಡೆ ಬಾಗಿಲು ತೆರೆದಿದೆ. ಬಿಲ್ಲಿನಂತೆ ಬಾಗಿ ಓಡಿದರೆ ಇನ್ನೊಬ್ಬ ಸ್ಟಾಪರ್‌ಗೆ ಹೋಗುವ ದಾರಿ ಅವನ ಮೈ ಹಿಂದೆ ಮುಚ್ಚಿ ಹೋಗುತ್ತದೆ. ಆಗ ಎದುರಾಳಿ ಒಂದೇ ಕಡೆ ಆಡಬೇಕು, ಆ ಕಡೆ ನೀವು ಮೊದಲೇ ಕಾಯುತ್ತಿರುತ್ತೀರಿ. ವಿಡಿಯೋದಲ್ಲಿ ನೋಡಬೇಕಾದದ್ದು ಅವನ ವೇಗವಲ್ಲ, ಆ ಬಾಗು.

2019ರಿಂದ ಗೋಲ್ ಕಿಕ್ ನಿಯಮ ಬದಲಾಗಿದೆ. ಬಾಲ್ ಬಾಕ್ಸ್ ಒಳಗೇ ಸ್ಟಾಪರ್‌ಗೆ ಸಿಗಬಹುದು. ಒದೆಯುವ ತನಕ ನೀವು ಬಾಕ್ಸ್ ಹೊರಗೇ ಇರಬೇಕು. ನಿಮ್ಮ ಫಾರ್ವರ್ಡ್ ಬಾಕ್ಸ್ ಗೆರೆಯ ಸ್ವಲ್ಪ ಹೊರಗೆ, ಬಾಗು ಓಟಕ್ಕೆ ಸರಿಯಾದ ಬದಿಯಲ್ಲಿ ನಿಂತಿದ್ದಾನಾ ನೋಡಿ.

ಲಕ್ಷಣ: ಆಚೆ ಬದಿಯ ಸೈಡ್ ಬ್ಯಾಕ್ ಯಾವಾಗಲೂ ಖಾಲಿ

4-3-3ರ ಹುಟ್ಟು ತೊಂದರೆ ಇದು. ಅವರ ಸ್ಟಾಪರ್ ಇಬ್ಬರು, ಸೈಡ್ ಬ್ಯಾಕ್ ಇಬ್ಬರು, ನಮ್ಮ ಫಾರ್ವರ್ಡ್ ಮೂವರು. ಲೆಕ್ಕ ಕೂಡುವುದಿಲ್ಲ. ಯಾರೋ ಒಬ್ಬ ಖಾಲಿ ಇದ್ದೇ ಇರುತ್ತಾನೆ. ಅವನು ಆಚೆ ತುದಿಯವನಾಗಿರಲಿ. ಯುರ್ಗನ್ ಕ್ಲೋಪ್ ಕೋಚ್ ಆಗಿದ್ದ ಲಿವರ್‌ಪೂಲ್‌ನಲ್ಲಿ ಬದಿಯ ಫಾರ್ವರ್ಡ್‌ಗಳಾದ ಸಲಾ ಮತ್ತು ಮಾನೆ ಹೊರಗಿನಿಂದ ಒಳಕ್ಕೆ ಓಡಿ ಸ್ಟಾಪರ್ ಮೇಲೆ ಬೀಳುತ್ತಿದ್ದರು. ಸೈಡ್ ಬ್ಯಾಕ್‌ಗೆ ಹೋಗುವ ಪಾಸ್ ಅವರ ಮೈಯಿಂದಲೇ ಮುಚ್ಚಿರುತ್ತಿತ್ತು. ನೆತ್ತಿ ಮೇಲಿಂದ ಬಾಲ್ ಎತ್ತಿ ಕೊಟ್ಟರೆ, ಅದು ಗಾಳಿಯಲ್ಲಿರುವಷ್ಟರಲ್ಲಿ ನಡುವಿನ ಮೂವರಲ್ಲಿ ಆ ಬದಿಯವನು ಅಲ್ಲಿಗೆ ಓಡಬೇಕು.

ನಿಮ್ಮ ವಿಂಗ್ (ಬದಿಯ ಫಾರ್ವರ್ಡ್) ಒಳಗಿನಿಂದ ಹೊರಕ್ಕೆ ಓಡುತ್ತಿದ್ದರೆ ನಡು ದಾರಿ ತೆರೆಯುತ್ತದೆ. ಓಟದ ದಿಕ್ಕು ಬದಲಿಸಿ. ಅಷ್ಟಾದರೂ ನಿಲ್ಲದಿದ್ದರೆ ಆ ಓಟ ಯಾರದು ಅನ್ನುವುದು ತಂಡದಲ್ಲಿ ತೀರ್ಮಾನ ಆಗಿಲ್ಲ ಅಂತ ಅರ್ಥ. ಒಬ್ಬನ ಹೆಸರು ಹೇಳಿ ಒಪ್ಪಿಸಿ.

ಲಕ್ಷಣ: ನಾವು ಅಟ್ಯಾಕ್ ಮಾಡುವಾಗಲೇ ಗೋಲ್ ಬೀಳುತ್ತದೆ

ಬಾಲ್ ಕಳೆದುಕೊಂಡ ಮೇಲಿನ ಐದು ಸೆಕೆಂಡ್ ನೋಡಿ. ಗಾರ್ಡಿಯೋಲಾ ಕೋಚ್ ಆಗಿದ್ದ ಬಾರ್ಸಿಲೋನಾ 2008ರಿಂದ 2012ರವರೆಗೆ ಇದನ್ನೇ ಅಳತೆಯಾಗಿ ಇಟ್ಟುಕೊಂಡಿತ್ತು: ಕಳೆದುಕೊಂಡ ಕೂಡಲೇ ಹತ್ತಿರ ಇದ್ದವರೆಲ್ಲ ಮೇಲೆ ಬೀಳಬೇಕು, ಐದು ಸೆಕೆಂಡಿನಲ್ಲಿ ಸಿಗದಿದ್ದರೆ ಜಾಗಕ್ಕೆ ವಾಪಸ್. ನಮ್ಮ ಕಡೆ ಬಾಲ್ ಕಳೆದುಕೊಂಡವನು ತಲೆ ಮೇಲೆ ಕೈ ಇಟ್ಟು ನಿಲ್ಲುತ್ತಾನೆ. ಅಥವಾ ರೆಫರಿ ಕಡೆ ತಿರುಗಿ ಫೌಲ್ ಕೇಳುತ್ತಾನೆ. ಅಷ್ಟರಲ್ಲಿ ಎರಡು ಸೆಕೆಂಡ್ ಹೋಯಿತು. ಈ ಅಭ್ಯಾಸ ತಪ್ಪಿಸಲು ಸಣ್ಣ ಜಾಗದಲ್ಲಿ ನಾಲ್ಕು ಜನರ ಎದುರು ನಾಲ್ಕು ಜನ ಆಡಿಸಿ. ಕಳೆದ ಬಾಲನ್ನು ಐದು ಸೆಕೆಂಡ್ ಒಳಗೆ ವಾಪಸ್ ತಂದರೆ ಗೋಲ್‌ನಷ್ಟೇ ಪಾಯಿಂಟ್ ಕೊಡಿ.

ಆದರೆ ಓಡಿದರೂ ಸಿಗುತ್ತಿಲ್ಲ ಅಂದರೆ ನಿಂತ ಜಾಗ ತಪ್ಪು. ಅಟ್ಯಾಕ್ ಮಾಡುವಾಗ ಎರಡೂ ಸೈಡ್ ಬ್ಯಾಕ್ ಮೇಲೆ ಹೋಗಿ, ನಡುವಿನ ಮೂವರೂ ಬಾಕ್ಸ್ ಕಡೆ ಹೋದರೆ ಹಿಂದೆ ಇಬ್ಬರೇ. ಒಬ್ಬ ಸೈಡ್ ಬ್ಯಾಕ್ ಹೋದರೆ ಇನ್ನೊಬ್ಬ ಉಳಿಯಲಿ. ನಡುವಿನ ಒಬ್ಬ ಇಬ್ಬರು ಸ್ಟಾಪರ್‌ಗಳ ಮುಂದೆ ಕಾವಲು ಇರಲಿ. ಇದಕ್ಕಿಂತ ಕಡಿಮೆ ಜನ ಇಟ್ಟು ಗೆಲ್ಲುವ ತಂಡಗಳು ಇವೆ. ಅವರ ಸ್ಟಾಪರ್‌ಗಳ ವೇಗ ನಿಮ್ಮಲ್ಲಿ ಇದೆಯಾ ಅಂತ ಕೇಳಿಕೊಳ್ಳಿ.

ಲಕ್ಷಣ: 60 ನಿಮಿಷದ ಮೇಲೆ ಎಲ್ಲ ಕುಸಿಯುತ್ತದೆ

ದಣಿವು ಅಂತ ಊಹಿಸುವ ಬದಲು ಎಣಿಸಿ. ಎದುರಾಳಿ ತನ್ನ ಅರ್ಧದಲ್ಲಿ ಕೊಟ್ಟ ಪಾಸ್‌ಗಳು ಎಷ್ಟು? ಅದೇ ಜಾಗದಲ್ಲಿ ನಾವು ಮಾಡಿದ ಟ್ಯಾಕಲ್, ಇಂಟರ್‌ಸೆಪ್ಷನ್, ಫೌಲ್ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಸಂಖ್ಯೆ ಚಿಕ್ಕದಿದ್ದಷ್ಟೂ ಪ್ರೆಸ್ ಬಿಗಿ. ದೊಡ್ಡ ಕ್ಲಬ್‌ಗಳು ಪಿಪಿಡಿಎ ಅಂತ ಲೆಕ್ಕ ಹಾಕುವುದು ಹೆಚ್ಚು ಕಡಿಮೆ ಇದನ್ನೇ. ಪ್ರತಿ 15 ನಿಮಿಷಕ್ಕೆ ಬೇರೆ ಬೇರೆ ಬರೆದುಕೊಳ್ಳಿ. ಸಂಖ್ಯೆ ಎಲ್ಲಿ ದಿಢೀರ್ ಏರುತ್ತದೋ ಅಲ್ಲಿ ತಂಡದ ಕಾಲು ಸೋತಿದೆ.

ಇಲ್ಲೂ ಹಾಕಿಯ ಅಭ್ಯಾಸ ಕೆಲಸ ಮಾಡುತ್ತದೆ. ಹಾಕಿಯಲ್ಲಿ ಫಾರ್ವರ್ಡ್ ಕೆಲವು ನಿಮಿಷ ಜೀವ ಬಿಟ್ಟು ಓಡುತ್ತಾನೆ, ಹೊರಗೆ ಬಂದು ನೀರು ಕುಡಿಯುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ. ಬದಲಾವಣೆಗೆ ಮಿತಿ ಇಲ್ಲ. ಫುಟ್‌ಬಾಲ್‌ನ ದೊಡ್ಡ ಪಂದ್ಯಗಳಲ್ಲಿ ಈಗ ಐದು ಬದಲಾವಣೆ, ಹೊರ ಹೋದವನು ವಾಪಸ್ ಬರುವ ಹಾಗಿಲ್ಲ. ಊರಿನ ಟೂರ್ನಮೆಂಟ್‌ಗಳಲ್ಲಿ ನಿಯಮ ಬೇರೆ ಇರಬಹುದು, ಮೊದಲೇ ಆಯೋಜಕರನ್ನು ಕೇಳಿ. ಹಾಕಿಯ ವೇಗದಲ್ಲಿ ಶುರುಮಾಡಿದ ಹುಡುಗ 90 ನಿಮಿಷ ಉಳಿಯುವುದಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದಿಂದ ನೇರ ಮೈದಾನಕ್ಕೆ ಬಂದವನ ಕಥೆ ಕೇಳುವುದೇ ಬೇಡ.

ಪ್ರೆಸ್ ಮಾಡುವ ಹೊತ್ತನ್ನು ಆರಿಸಿಕೊಳ್ಳಿ. ಮೊದಲ 15 ನಿಮಿಷ, ಹಾಫ್ ಟೈಮ್ ಆದ ಕೂಡಲೇ, ಗೋಲ್ ಹೊಡೆದ ತಕ್ಷಣ. ಉಳಿದ ಹೊತ್ತು ಇಡೀ ತಂಡ ಸೆಂಟರ್ ಗೆರೆ ಹತ್ತಿರ ಕಾಯಲಿ, ಒಟ್ಟಿಗೇ ಇಳಿಯಲಿ. ಫಾರ್ವರ್ಡ್ ಮೇಲೇ ಉಳಿದು ಬ್ಯಾಕ್ ಮಾತ್ರ ಇಳಿದರೆ ಮೊದಲು ಹೇಳಿದ ಖಾಲಿ ಜಾಗ ಮತ್ತೆ ಹುಟ್ಟುತ್ತದೆ. ಇನ್ನೊಂದು ವಿಶ್ರಾಂತಿ ಇದೆ, ನಮ್ಮವರು ಅದನ್ನು ಬಳಸುವುದೇ ಕಡಿಮೆ: ಬಾಲ್ ಇಟ್ಟುಕೊಳ್ಳುವುದು. ಕಿತ್ತುಕೊಂಡ ಪ್ರತಿ ಬಾಲನ್ನೂ ನೇರ ಗೋಲ್ ಕಡೆ ಒದೆಯಬೇಕಾಗಿಲ್ಲ.

ಮಳೆ, ಇಳಿಜಾರು, ಲೈನ್ಸ್‌ಮನ್

ಇವು ತಂಡದ ದೋಷ ಅಲ್ಲ. ಆದರೂ ದೋಷದ ಥರವೇ ಕಾಣುತ್ತವೆ. ಅದಕ್ಕೇ ಬೇರೆಯಾಗಿ ನೋಡಬೇಕು.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮೈದಾನ ಯಾವ ಸ್ಥಿತಿಯಲ್ಲಿರುತ್ತದೆ ಅಂತ ಹೇಳಬೇಕಾಗಿಲ್ಲ. ನೀರು ನಿಂತ ಮೈದಾನದಲ್ಲಿ ಎದುರಾಳಿ ಸಣ್ಣ ಪಾಸ್ ಆಡುವುದೇ ಇಲ್ಲ, ಗೋಲಿಯಿಂದಲೇ ಉದ್ದಕ್ಕೆ ಒದೆಯುತ್ತಾನೆ. ಆಗ ಹೈ ಪ್ರೆಸ್ ಮಾಡಲು ಮುಂದೆ ಯಾರೂ ಇಲ್ಲ. ಅಂಥ ದಿನ ಇಡೀ ತಂಡವನ್ನು ಹದಿನೈದು ಮೀಟರ್ ಕೆಳಗೆ ಇಳಿಸಿ, ಎರಡನೇ ಬಾಲ್‌ಗೆ, ಅಂದರೆ ಉದ್ದ ಬಾಲ್ ಯಾರಿಗಾದರೂ ತಾಗಿ ಕೆಳಗೆ ಬಿದ್ದಾಗ ಹಿಡಿಯಲು, ಮೂವರನ್ನು ನಿಲ್ಲಿಸಿ. ಬರೀ ಒದ್ದೆ ಹುಲ್ಲಾದರೆ ಬೇರೆ ಕಥೆ. ಬಾಲ್ ಜಾರಿ ವೇಗವಾಗಿ ಬರುತ್ತದೆ, ಮೊದಲ ಟಚ್ ತಪ್ಪುತ್ತದೆ, ಪ್ರೆಸ್‌ಗೆ ಅದೇ ಒಳ್ಳೆಯ ದಿನ.

ಮೈದಾನ ಒಂದು ಕಡೆ ಇಳಿಜಾರಾಗಿದ್ದರೆ ಯಾವ ಅರ್ಧದಲ್ಲಿ ಗೋಲ್ ಬಿತ್ತು ಅಂತ ಬರೆದಿಡಿ. ನೀವು ಏರು ಕಡೆಗೆ ಆಡುವಾಗ ಅವರ ಉದ್ದ ಬಾಲ್ ಇಳಿಜಾರಿನಲ್ಲಿ ನಿಲ್ಲದೆ ಉರುಳುತ್ತದೆ. ಆ ಅರ್ಧದಲ್ಲಿ ಮಾತ್ರ ಲೈನ್ ಕೆಳಗಿರಲಿ.

ಊರಿನ ಪಂದ್ಯಗಳಲ್ಲಿ ಕಲಿತ ಲೈನ್ಸ್‌ಮನ್ ಇಲ್ಲದಿದ್ದರೆ, ಅಥವಾ ಮಂಜು ಇಳಿದು ಆಚೆ ಬದಿ ಕಾಣದಿದ್ದರೆ, ಕೈ ಎತ್ತಿ ನಿಲ್ಲುವ ಆಫ್‌ಸೈಡ್ ಆಟ ಬಿಟ್ಟುಬಿಡಿ. ಲೈನ್ ಮೇಲಿರಲಿ, ಆದರೆ ಬಾವುಟ ಏಳುತ್ತದೆ ಅಂತ ನಂಬದೆ ಬ್ಯಾಕ್‌ಗಳು ಓಡಲು ತಯಾರಿರಲಿ.

ಹಿಂದೆ ಉಳಿದವರು

ಇಷ್ಟೆಲ್ಲ ನೋಡಿದ ಮೇಲೆ ಗೋಲಿ ಮತ್ತು ಸ್ಟಾಪರ್ ಸರದಿ. ಗೋಲಿ ಗೋಲ್ ಗೆರೆಯಲ್ಲೇ ನಿಂತಿದ್ದರೆ ಲೈನ್ ಹಿಂದಿನ 40 ಮೀಟರ್ ಯಾರದ್ದೂ ಅಲ್ಲ. ಬಾಲ್ ಅವರ ಅರ್ಧದಲ್ಲಿದ್ದಾಗ ಅವನು ಬಾಕ್ಸ್ ಗೆರೆಯ ಹತ್ತಿರ ಇರಬೇಕು. 2014ರ ವಿಶ್ವಕಪ್‌ನಲ್ಲಿ ಆಲ್ಜೀರಿಯಾ ಎದುರು ಜರ್ಮನಿಯ ಮ್ಯಾನುಯೆಲ್ ನೊಯರ್ ಮತ್ತೆ ಮತ್ತೆ ಬಾಕ್ಸ್ ಹೊರಗೆ ಓಡಿ ಬಂದು ಬಾಲ್ ತೆಗೆದದ್ದನ್ನು ನಿಮ್ಮ ಗೋಲಿಗೆ ತೋರಿಸಿ. ಆ ಪಂದ್ಯದಲ್ಲಿ ಜರ್ಮನಿಯ ಲೈನ್ ಮೇಲಿತ್ತು, ಅದರ ಹಿಂದಿನ ಜಾಗ ಕಾದದ್ದು ಅವನೇ.

ಸ್ಟಾಪರ್ ಇಬ್ಬರೂ ನಿಧಾನ ಆಗಿದ್ದರೆ ಒಪ್ಪಿಕೊಳ್ಳಿ. ಅವರಿಗೆ ತಕ್ಕ ಲೈನ್ ಹಾಕಿ, ಆದರೆ ಮುಂದಿನವರೂ ಅಷ್ಟೇ ಕೆಳಗೆ ಬಂದು ಪ್ರೆಸ್ ಶುರುಮಾಡಲಿ. ಪ್ರೆಸ್ ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನು ಬದಲಿಸಬಹುದು, ಲೈನ್‌ಗಳ ನಡುವಿನ ದೂರವನ್ನು ಬದಲಿಸುವ ಹಾಗಿಲ್ಲ.

ರಿಪೇರಿ ಮಾಡುವಾಗ ಒಂದು ಮ್ಯಾಚಿಗೆ ಒಂದೇ ಬದಲಾವಣೆ. ಲೈನ್, ವಿಂಗ್ ಓಟ, ಗೋಲಿಯ ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಯಾವುದರಿಂದ ಕೆಟ್ಟಿತು ಅಂತಲೂ ತಿಳಿಯುವುದಿಲ್ಲ. ದೂರದಿಂದ ಶುರುಮಾಡಿ, ಆಮೇಲೆ ಸೂಚನೆ, ಆಮೇಲೆ ಓಟದ ದಿಕ್ಕು. ಪ್ರತಿ ಸಲವೂ ಅದೇ ದಿಣ್ಣೆಯಿಂದ ರೆಕಾರ್ಡ್ ಮಾಡಿಸಿ, ಬಾಲ್ ಒದ್ದ ಕ್ಷಣದಲ್ಲೇ ನಿಲ್ಲಿಸಿ ನೋಡಿ. ಮುಂದಿನ ಮ್ಯಾಚಿನಲ್ಲಿ ಗೋಲ್ ಬಿದ್ದರೂ, ಒದ್ದವನ ಮೈ ಮೇಲೆ ನಿಮ್ಮವನು ಇದ್ದರೆ ಮೊದಲ ರಿಪೇರಿ ಹಿಡಿದಿದೆ, ಅದನ್ನು ಬಿಡದೆ ಎರಡನೆಯದಕ್ಕೆ ಹೋಗಿ.